ನಡುವಿನ ಸೀಟು

ಹಿಟ್ಟಿನ ಡಬ್ಬಿಗೆ ಆನಿಸಿ ನಿಲ್ಲಿಸಿದ್ದ ಐಪ್ಯಾಡಿನೊಳಗಿಂದ ತನುಶ್ರೀ, "ಬಾಣಂತನಕ್ಕ ಆಯಿ ಬರ್ಲಿ" ಅಂದಾಗ ನೀರಜಾ ಅದೇ ಕೌಂಟರಿನ ಮೇಲೆ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದನ್ನು ನಿಲ್ಲಿಸಲಿಲ್ಲ. ರೊಟ್ಟಿ ಒಂದು ಕಡೆ ಹರಿಯಿತು, ಅಷ್ಟೇ.

ಪರದೇಶದ ಎರಿನ್ ಮಿಲ್ಸಿನ ಆ ಮನೆಯಲ್ಲಿ ಭಾನುವಾರ ಬೆಳಿಗ್ಗೆಯೆಂದರೆ ಸಿಯೋಲಿನ ಮಗಳ ಜೊತೆ ಮಾತು. ಗಂಡ ಬಸವೇಶ ಚಹಾ ಹಿಡಿದುಕೊಂಡು ನಿಲ್ಲುತ್ತಿದ್ದ. ಅತ್ತೆ ಗುರುಬಸವ್ವ, ಮೊಮ್ಮಕ್ಕಳ ಬಾಯಲ್ಲಿ ಆಯಿ, ಐಪ್ಯಾಡಿಗೆ ಮೂಗು ತಾಗುವಷ್ಟು ಹತ್ತಿರ ಕುರ್ಚಿ ಎಳೆದುಕೊಂಡು ಕೂಡುತ್ತಿದ್ದಳು. ಮಗ ಯಶ್ ಮೇಲಿನ ಕೋಣೆಯಿಂದ ಇಳಿದು ಬಂದು, "ಹಾಯ್ ಅಕ್ಕಾ, ಬೈ ಅಕ್ಕಾ" ಎಂದು ಮತ್ತೆ ಹತ್ತಿ ಹೋಗುತ್ತಿದ್ದ. ನೀರಜಾ ಕೆಲಸ ಮಾಡುತ್ತಲೇ ಕೇಳಿಸಿಕೊಳ್ಳುತ್ತಿದ್ದಳು.

"ಇಲ್ಲಿ ಮಂದಿಗೆ ಎಣ್ಣಿ, ನೀರು, ಧೂಪ ಏನೂ ಗೊತ್ತಿಲ್ಲ ಆಯಿ. ನೀನ ಬರಬೇಕು" ಅಂದಳು ತನುಶ್ರೀ.

"ಬರ್ತೀನಿ ಬಿಡ, ನನ ಕೂಸ. ಬರದ ಬಿಡ್ತೀನೇನು?" ಗುರುಬಸವ್ವನ ಮುಖ ಅರಳಿತ್ತು.

"ಮಮ್ಮಿಗೆ ರಜಾ ಸಿಗೂದಿಲ್ಲ, ನನಗ ಗೊತ್ತೈತಿ. ಹೌದಿಲ್ಲೋ ಮಮ್ಮಿ?"

"ಹೌದು" ಅಂದಳು ನೀರಜಾ. "ಎಲ್ಲಿ ಸಿಗತೈತಿ."

ಹರಿದ ರೊಟ್ಟಿಯನ್ನು ಮುದ್ದೆ ಮಾಡಿ ಮತ್ತೆ ನಾದತೊಡಗಿದಳು.

ತನುಶ್ರೀ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅವಳು ಹುಟ್ಟಿದ ವರ್ಷವೇ ಬಸವೇಶನ ಕೆಲಸ ಹೋಗಿತ್ತು. ನೀರಜಾ ಮೆಡೋವೇಲಿನ ಬ್ರೆಡ್ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಲೈನಿಗೆ ಸೇರಿದಳು. ಮಧ್ಯಾಹ್ನದ ಶಿಫ್ಟು. ಧಾರವಾಡದಿಂದ ಅತ್ತೆಯನ್ನು ಕರೆಸಿಕೊಂಡರು. ಮಗು ಶಾಲೆಯಿಂದ ಬರುವ ಹೊತ್ತಿಗೆ ನೀರಜಾ ಹೊರಟಿರುತ್ತಿದ್ದಳು. ನೀರಜಾ ಬರುವ ಹೊತ್ತಿಗೆ ಮಗು ಆಯಿಯ ಮಗ್ಗುಲಲ್ಲಿ ಮಲಗಿರುತ್ತಿತ್ತು. ಹೆರಳು ಹಾಕಿದವಳು ಆಯಿ. ಜ್ವರ ಬಂದಾಗ ಹಣೆಗೆ ತಣ್ಣೀರ ಬಟ್ಟೆ ಇಟ್ಟವಳು ಆಯಿ. ಮಗಳು ದೊಡ್ಡವಳಾದ ಸುದ್ದಿಯೂ ನೀರಜಾಳಿಗೆ ಗೊತ್ತಾದದ್ದು ಬ್ರೇಕಿನ ಹೊತ್ತಿನಲ್ಲಿ, ಫೋನಿನಲ್ಲಿ, ಅತ್ತೆಯ ಬಾಯಿಂದ. ಇಲ್ಲಿಯೇ ಹುಟ್ಟಿದ ಹುಡುಗಿ ಅಷ್ಟು ಚಂದದ ಧಾರವಾಡದ ಮಾತಾಡುತ್ತಾಳಲ್ಲ ಎಂದು ಕನ್ನಡ ಸಂಘದಲ್ಲಿ ಎಲ್ಲರೂ ಹೊಗಳುತ್ತಿದ್ದರು. ಆ ಮಾತೂ ಆಯಿಯದೇ.

ಓದು ಮುಗಿಸಿ, ಇಂಗ್ಲಿಷ್ ಕಲಿಸುತ್ತೇನೆಂದು ಒಂದು ವರ್ಷದ ಮಟ್ಟಿಗೆ ಕೊರಿಯಾಕ್ಕೆ ಹೋದವಳು ಅಲ್ಲಿಯೇ ಉಳಿದಳು. ಜೇಹೂನ್ ಎಂಬ ಹುಡುಗನನ್ನು ಕರೆದುಕೊಂಡು ಬಂದಳು. ರಿಚ್ಮಂಡ್ ಹಿಲ್ಲಿನ ಗುಡಿಯಲ್ಲಿ ಮದುವೆಯಾಯಿತು. ಆಯಿಯ ನಾಲಿಗೆಗೆ ಆ ಹೆಸರು ಹತ್ತಲಿಲ್ಲ. ಅವನನ್ನು ಜಯಣ್ಣ ಎಂದು ಕರೆದಳು. ಅವನೂ ಓಗೊಟ್ಟ.

ಅಂದು ಊಟಕ್ಕೆ ಕುಳಿತಾಗ ಬಸವೇಶ ಮಾತು ತೆಗೆದ.

"ಎವ್ವ ಒಬ್ಬಾಕಿನ ಹೆಂಗ ಹೋಗ್ತಾಳ? ನೀ ಕರಕೊಂಡು ಹೋಗಿ ಬಾರಲ್ಲ."

"ನಂಗ ಕರದಿಲ್ಲ ಆಕಿ."

"ಕರಿಯೂದೇನು? ಹಡದ ತಾಯಿಗೆ ಆಮಂತ್ರಣ ಪತ್ರಿಕಿ ಬೇಕೇನು?"

"ರಜಾ ಇಲ್ಲ, ರೀ. ಆಕೀನ ಹೇಳಿದ್ಲಲ್ಲ, ಕೇಳಲಿಲ್ಲೇನು ನೀವು?"

"ಕೇಳಿದರ ಸಿಗತೈತಿ."

"ನೀವ ಹೋಗ್ರಿ. ನಿಮ್ಮವ್ವನ್ನ ಬಿಟ್ಟು ಬರ್ರಿ." ನೀರಜಾ ಎದ್ದು ಬದನೆಕಾಯಿ ಪಲ್ಯದ ಬೋಗುಣಿಯನ್ನು ಸಿಂಕಿಗಿಟ್ಟಳು. ಅದರಲ್ಲಿ ಇನ್ನೂ ಪಲ್ಯ ಇತ್ತು.

ಬಸವೇಶ ಕೊರಿಯಾದ ವಿಮಾನದಲ್ಲಿ ಎರಡು ಟಿಕೆಟು ಮಾಡಿದ, ಏಪ್ರಿಲ್ ಮೊದಲ ವಾರಕ್ಕೆ. ಎಕಾನಮಿಯೇ. ಆಯಿಯ ಕಾಲು ನೋಡಿದ ಡಾಕ್ಟರಮ್ಮ ಬಹಳ ಹೊತ್ತು ಯೋಚಿಸಿದರು. ಅಷ್ಟು ದೂರ ಕಾಲು ಇಳಿಬಿಟ್ಟು ಕೂತರೆ ರಕ್ತ ಹೆಪ್ಪುಗಟ್ಟೀತು, ಬಿಗಿಯಾದ ಉದ್ದನೆ ಕಾಲುಚೀಲ ಹಾಕಬೇಕು, ಆಗಾಗ ಎದ್ದು ಓಡಾಡಿಸಬೇಕು ಎಂದರು. ಮಲಗಿಕೊಂಡು ಹೋಗುವ ಸೀಟು ಸಿಕ್ಕರೆ ಒಳ್ಳೆಯದು ಎಂದೂ ಅಂದರು. ಅದರ ದರ ಕೇಳಿ ಬಂದ ಬಸವೇಶ ಮನೆಯಲ್ಲಿ ಆ ಮಾತನ್ನೇ ಎತ್ತಲಿಲ್ಲ.

ಯಶ್ ಒಂದು ಶನಿವಾರ ಬೇಸ್‌ಮೆಂಟಿನಲ್ಲಿ ಊಟದ ಕುರ್ಚಿಗಳನ್ನು ಒತ್ತೊತ್ತಾಗಿ ಸಾಲು ಇಟ್ಟ. ಮುಂದೆ ಸೋಫಾದ ಬೆನ್ನನ್ನು ಮೊಣಕಾಲಿಗೆ ತಾಗುವ ಹಾಗೆ ತಂದು ನಿಲ್ಲಿಸಿದ.

"ಓಕೆ ಆಯಿ, ದಿಸ್ ಈಸ್ ಎಕಾನಮಿ. ಸಿಟ್."

ಗುರುಬಸವ್ವ ನಡುವೆ ಕುಳಿತಳು. ಅವನು ಒಂದು ಬದಿಗೆ ಕುಳಿತು ಮೊಣಕೈಯನ್ನು ಅವಳ ಪಕ್ಕೆಗೆ ಚುಚ್ಚಿದ.

"ಯಾಕೋ ತಿವೀತಿ?"

"ಯುವರ್ ನೇಬರ್, ಆಯಿ. ಹೀ ಈಸ್ ಸ್ಲೀಪಿಂಗ್."

ಆಯಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಎಷ್ಟು ಹೊತ್ತು ಕೂತರೆ ಕಾಲು ಜೋಮು ಹಿಡಿಯುತ್ತದೆ ಎಂದು ಅಲ್ಲಿಯೇ ದಿನಾ ಕೂತು ನೋಡತೊಡಗಿದಳು. ಮೇಲೆ ಅಡುಗೆಮನೆಯಲ್ಲಿದ್ದ ನೀರಜಾಳಿಗೆ ಕೆಳಗಿನ ನಗು ಕೇಳುತ್ತಿತ್ತು.

ಮಾರ್ಚಿನಲ್ಲಿ ಆಯಿ ಬಾಣಂತಿಗೆ ಕೊಡುವ ಅಂಟಿನ ಉಂಡಿಗೆ ಕೈ ಹಾಕಿದಳು. ಒಣಕೊಬ್ಬರಿ, ಉತ್ತತ್ತಿ, ಬೆಲ್ಲ, ಅಂಟು ಎಲ್ಲ ಬ್ರಾಂಪ್ಟನ್ನಿನ ಅಂಗಡಿಯಿಂದ ಬಂದವು. ಕೊಬ್ಬರಿ ತುರಿಯಲು ಆಯಿಯ ಕೈಗೆ ಬಲ ಸಾಲದು. ಶಿಫ್ಟಿಗೆ ಹೊರಟು ನಿಂತ ಸೊಸೆಯನ್ನು ಕರೆದಳು.

"ಇದೊಂದೀಟು ತುರದು ಕೊಟ್ಟು ಹೋಗವಾ."

"ನನಗ ಹೊತ್ತಾಗೈತಿ, ಅತ್ತ್ಯಾರ. ಬಾಣಂತನಕ್ಕ ಹೋಗೋರು ನೀವು. ಮಾಡ್ಕೊರ್ರಿ."

ಆಯಿ ತುರಿಯುವ ಮಣೆ ಕೆಳಗಿಟ್ಟಳು.

"ಏನ್ ಐತಿ ನಿನ್ನ ಹೊಟ್ಟ್ಯಾಗ, ಹೇಳಿಬಿಡು. ಒಂದು ತಿಂಗಳಾತು, ಮಾರಿ ಗಂಟು ಹಾಕ್ಕೊಂಡು ತಿರಗಾಕತ್ತಿ."

"ಏನಿಲ್ಲ."

"ಏನಿಲ್ಲ ಅಂದ್ರ ಪಲ್ಯದಾಗ ಉಪ್ಪು ಯಾಕ ಇರೂದಿಲ್ಲ?"

ನೀರಜಾ ಬೂಟಿನ ಲೇಸು ಕಟ್ಟುತ್ತಿದ್ದವಳು ತಲೆ ಎತ್ತಿದಳು. "ಆಕೀನ ಹಡದಾಕಿ ನಾನು."

"ಅಲ್ಲ ಅಂದೋರು ಯಾರು?"

"ಎಲ್ಲಾರೂ. ಆಕಿನೂ. ಏನ ಆದ್ರೂ ಆಯಿ, ಆಯಿ, ಆಯಿ. ನಾನೇನು ಈ ಮನ್ಯಾಗ ಬಾಡಿಗೀಗೆ ಇದ್ದೀನೇನು?"

"ನೀ ಶಿಫ್ಟಿಗೆ ಹೋಗ್ತಿದ್ದಿ. ಕೂಸು ಅಳತಿತ್ತು. ಎತ್ತಿಕೊಂಡೆ." ಗುರುಬಸವ್ವನ ದನಿ ಏರಲಿಲ್ಲ. "ಎತ್ತಬಾರದಿತ್ತೇನು?"

ನೀರಜಾ ಲೇಸು ಬಿಗಿದು ಎದ್ದಳು. ಬಾಗಿಲು ಎಳೆದುಕೊಂಡು ಹೋದಳು. ಬಸ್‌ಸ್ಟಾಪಿನಲ್ಲಿ ನಿಂತಾಗ, ವಾಪಸು ಹೋಗಿ ಕೊಬ್ಬರಿ ತುರಿದುಕೊಟ್ಟು ಬರಬೇಕು ಅನ್ನಿಸಿತು. ಅಷ್ಟರಲ್ಲಿ ಬಸ್ಸು ಬಂತು.

ಆ ಮುಂದಿನ ವಾರವೇ ಸುದ್ದಿ ಬಂದದ್ದು. ಸಂಜೆ ಬ್ರೇಕಿನ ಹೊತ್ತಿಗೆ ಸೂಪರ್‌ವೈಸರು ಬಂದು, ಗೇಟಿನ ಹತ್ತಿರ ನಿನ್ನ ಗಂಡ ನಿಂತಿದ್ದಾನೆ ಎಂದಳು. ಬಸವೇಶ ಯಾವತ್ತೂ ಫ್ಯಾಕ್ಟರಿಗೆ ಬಂದವನಲ್ಲ. ಅತ್ತೆಗೆ ಏನೋ ಆಗಿದೆ ಎಂದುಕೊಂಡೇ ನೀರಜಾ ತಲೆಯ ಬಲೆಟೋಪಿಯನ್ನೂ ತೆಗೆಯದೆ ಓಡಿದಳು. ಕರಗಿದ ಹಿಮ ಪಾರ್ಕಿಂಗಿನ ತುಂಬ ಕೊಚ್ಚೆಯಾಗಿತ್ತು. ಅವನು ಕಾರಿಗೆ ಒರಗಿ ನಿಂತಿದ್ದ. ಕಾಲಲ್ಲಿ ಮನೆಯೊಳಗಿನ ಚಪ್ಪಲಿ ಇತ್ತು.

"ಅತ್ತ್ಯಾರಿಗೆ ಏನಾತು?"

"ಎವ್ವ ಆರಾಮ ಅದಾಳ." ಅವನು ಅವಳ ಮುಖ ನೋಡಲಿಲ್ಲ. "ಜೇಹೂನ್ ಫೋನ್ ಮಾಡಿದ್ದ. ನಿನ್ನೆಯಿಂದ ಕೂಸು ಹೊಟ್ಟ್ಯಾಗ ಆಡಲಿಲ್ಲಂತ. ದವಾಖಾನಿಗೆ ಹೋದ್ರಂತ. ಬಡಿತ ನಿಂತಿತ್ತಂತ."

"ತನು?"

"ಹಡದಾಳ. ಆಕಿ ಆರಾಮ ಅದಾಳಂತ. ಹೆಣ್ಣು."

ನೀರಜಾ ಹಿಂದೆ ತಿರುಗಿ ಫ್ಯಾಕ್ಟರಿಯ ಕಡೆ ನೋಡಿದಳು. ಬ್ರೇಕು ಮುಗಿದ ಗಂಟೆ ಹೊಡೆಯುತ್ತಿತ್ತು. ಒಳಗೆ ಹೋಗಿ ಹೇಳಿ ಬರಬೇಕು, ಕೈಗವಸು ಕೊಟ್ಟು ಬರಬೇಕು ಎಂದೇನೋ ಅಂದಳು. ಬಸವೇಶ ಅವಳ ತೋಳು ಹಿಡಿದು ಕಾರಿನಲ್ಲಿ ಕೂಡಿಸಿದ.

ಮನೆಗೆ ಬಂದು ನೋಡಿದರೆ ಗುರುಬಸವ್ವ ಅಡುಗೆಮನೆಯಲ್ಲಿ ಕುಕ್ಕರು ಇಟ್ಟಿದ್ದಳು. ಯಶ್ ಅವಳ ಪಕ್ಕದಲ್ಲಿ ನಿಂತಿದ್ದ. "ಅನ್ನಕ್ಕ ಇಟ್ಟೀನಿ" ಅಂದಳು ಆಯಿ. "ಉಣ್ಣಲಿಕ್ಕಂತೂ ಬೇಕಲ್ಲ." ಬಡಿಸಿದರು, ಕುಳಿತರು, ಉಂಡರು. ಯಾರೂ ಎರಡನೆಯ ಸಲ ಬಡಿಸಿಕೊಳ್ಳಲಿಲ್ಲ.

ತನುಶ್ರೀ ಫೋನು ಎತ್ತುತ್ತಿರಲಿಲ್ಲ. ಜೇಹೂನ್ ಎತ್ತಿ, "ಷಿ ಈಸ್ ಸ್ಲೀಪಿಂಗ್" ಎನ್ನುತ್ತಿದ್ದ. ಬೆಳಿಗ್ಗೆಯೂ ಹಾಗೆಯೇ, ಸಂಜೆಯೂ ಹಾಗೆಯೇ.

ಒಂದು ದಿನ ಬಸವೇಶ ಚಹಾ ಕುಡಿಯುತ್ತ ಹೇಳಿದ. "ಎವ್ವಾ, ನಿನ್ನ ಟಿಕೆಟು ಕ್ಯಾನ್ಸಲ್ ಮಾಡ್ತೀನಿ. ನಾ ಒಬ್ಬನ ಹೋಗಿ ಮಾತಾಡಿಸಿ ಬರ್ತೀನಿ. ಇನ್ನ ಬಾಣಂತನ ಎಲ್ಲಿಂದ ಬಂತು?"

ಗುರುಬಸವ್ವ ಬಟ್ಟಲು ಕೆಳಗಿಟ್ಟಳು. "ಯಾಕ? ಹಡದಿಲ್ಲೇನು ಆಕಿ?"

"ಹಡದಾಳ, ಆದರ..."

"ಹಡದಾಕಿ ಬಾಣಂತಿ. ಕೂಸು ಇದ್ರೂ ಬಾಣಂತಿ, ಇಲ್ಲಂದ್ರೂ ಬಾಣಂತಿ. ಆಕಿ ಸೊಂಟಕ್ಕ ಗೊತ್ತಾಗತೈತೇನು ಕೂಸು ಇಲ್ಲಂತ? ಮೈಯಾಗಿನ ಹಾಲಿಗೆ ಗೊತ್ತಾಗತೈತೇನು? ನಾ ಹೊಂಟೀನಿ. ನೀ ಬರಲಿಲ್ಲಂದ್ರ ಒಬ್ಬಾಕಿನ ಹೋಗ್ತೀನಿ."

"ಕಾಲು ಹಿಂಗ ಇಟ್ಕೊಂಡು?"

"ಕಾಲು ನನ್ನವು."

ಇಷ್ಟು ಹೊತ್ತೂ ಕಿಟಕಿಯ ಹತ್ತಿರ ನಿಂತಿದ್ದ ನೀರಜಾ, "ನಾ ಹೋಗ್ತೀನ್ರಿ ಅತ್ತ್ಯಾರ ಜೋಡಿ" ಅಂದಳು.

"ರಜಾ?" ಅಂದ ಬಸವೇಶ.

"ಕೊಟ್ರ ಕೊಡಲಿ. ಕೊಡದಿದ್ರ ಬಿಡಲಿ."

ಅವನು ತನ್ನ ಟಿಕೆಟು ರದ್ದು ಮಾಡಿ ಅವಳಿಗೆ ಅದೇ ವಿಮಾನದಲ್ಲಿ ಹೊಸದು ಕೊಂಡ. ಹೊರಡುವ ಹಿಂದಿನ ದಿನ ಆಯಿ ಉಂಡಿಗಳನ್ನು ಡಬ್ಬಿಗೆ ತುಂಬುವುದನ್ನು ನೀರಜಾ ನೋಡಿದಳು. ಹತ್ತಿರ ಕುಳಿತು ತಾನೂ ತುಂಬಿದಳು.

ಪಿಯರ್ಸನ್ ವಿಮಾನ ನಿಲ್ದಾಣದಲ್ಲಿ ಆಯಿಗೆ ಗಾಲಿಕುರ್ಚಿ ಹೇಳಿದ್ದರು. ಕೌಂಟರಿನ ಕೊರಿಯನ್ ಹುಡುಗಿ ಅವಳ ಕಾಲುಚೀಲ ಬಿಗಿದ ಕಾಲುಗಳನ್ನು ನೋಡಿ, ಕಂಪ್ಯೂಟರಿನಲ್ಲಿ ಬಹಳ ಹೊತ್ತು ಹುಡುಕಿ, ಎಕಾನಮಿಯ ಎಲ್ಲಕ್ಕಿಂತ ಮುಂದಿನ ಸಾಲು ಕೊಟ್ಟಳು. ಮುಂದೆ ಬರೀ ಗೋಡೆ, ಕಾಲು ಚಾಚಬಹುದು, ಅಜ್ಜಿಗೆ ಅನುಕೂಲ ಎಂದಳು. ಬಸವೇಶ ಅವಳಿಗೆ ಮೂರು ಮೂರು ಸಲ ಥ್ಯಾಂಕ್ಸ್ ಹೇಳಿದ.

ಮೂರು ಸೀಟಿನ ಸಾಲು. ಓಡಾಡಲು ಸುಲಭವಾಗಲೆಂದು ಆಯಿ ದಾರಿಯ ಕಡೆ ಕುಳಿತಳು, ನೀರಜಾ ನಡುವೆ. ಕಿಟಕಿಯ ಕಡೆಯ ಸೀಟು ಖಾಲಿ ಇತ್ತು. ಜನರೆಲ್ಲ ಹತ್ತಿ ಮುಗಿಯುವ ಹೊತ್ತಿಗೆ ಒಬ್ಬ ಎಳೆ ವಯಸ್ಸಿನ ಕೊರಿಯನ್ ಹೆಂಗಸು, ಎದೆಗೆ ಕೂಸು ಕಟ್ಟಿಕೊಂಡು, ಭುಜಕ್ಕೆ ದೊಡ್ಡ ಚೀಲ ಹಾಕಿಕೊಂಡು ಬಂದು ನಿಂತಳು. "ಸಾರಿ, ಸಾರಿ" ಎನ್ನುತ್ತ ಇಬ್ಬರ ಕಾಲು ದಾಟಿ ಒಳಗೆ ಹೋದಳು. ಆಗ ನೀರಜಾಳಿಗೆ ಎದುರಿನ ಗೋಡೆಯ ಮೇಲಿನ ಚಿತ್ರ ಕಂಡಿತು. ಕೂಸಿನ ತೊಟ್ಟಿಲನ್ನು ಸಿಕ್ಕಿಸುವುದು ಅಲ್ಲಿಯೇ.

ಗುರುಬಸವ್ವ ಒಮ್ಮೆ ಆ ಕಡೆ ನೋಡಿ, ಸೊಸೆಯ ಮೊಣಕೈ ಹಿಡಿದುಕೊಂಡಳು.

ನೀರಜಾ ಎದ್ದು ಹೋಗಿ ವಿಮಾನದ ಹುಡುಗಿಯನ್ನು ಬೇರೆ ಸೀಟು ಕೇಳಿದಳು. ವಿಮಾನ ತುಂಬಿತ್ತು. ತೀರ ಹಿಂದೆ ಒಂದೇ ಒಂದು ಇತ್ತು. ಎರಡು ಜೊತೆಗೆ ಎಲ್ಲಿಯೂ ಇರಲಿಲ್ಲ. ಯಾಕೆ ಎಂದು ಅವಳು ನಯವಾಗಿ ಕೇಳಿದಳು. ನೀರಜಾ "ನಥಿಂಗ್" ಎಂದು ಬಂದು ಕುಳಿತಳು.

"ನೀ ಹಿಂದ ಹೋಗಿ ಕುಂಡ್ರು" ಅಂದಳು ಆಯಿ. "ನಾ ಇರ್ತೀನಿ ಇಲ್ಲೆ."

"ನಿಮ್ಮನ್ನ ಎಬ್ಬಿಸಿ ಅಡ್ಡಾಡಿಸೋರು ಯಾರು? ಇರ್ಲಿ ಬಿಡ್ರಿ."

ವಿಮಾನ ಏರಿದ ಮೇಲೆ ತೊಟ್ಟಿಲು ಬಂತು. ಕೂಸು ಅದರೊಳಗೆ ಕೈ ಕಾಲು ಆಡಿಸುತ್ತ ಮೇಲಿನ ದೀಪವನ್ನೇ ನೋಡುತ್ತಿತ್ತು. ನಾರ್ತ್ ಯಾರ್ಕಿನಲ್ಲಿ ಇರುವುದು, ಕೂಸನ್ನು ತನ್ನ ಅಜ್ಜಿಗೆ ತೋರಿಸಲು ಹೊರಟದ್ದು, ಅಜ್ಜಿಗೆ ತೊಂಬತ್ತು ದಾಟಿದೆ ಎಂದೆಲ್ಲ ಕೂಸಿನ ತಾಯಿಯಾದ ಆ ಹುಡುಗಿ ತಾನಾಗಿಯೇ ಇಂಗ್ಲಿಷಿನಲ್ಲಿ ಹೇಳಿದಳು. ಒಬ್ಬಳೇ ಹೊರಟ ಭಯಕ್ಕೆ ಅವಳಿಗೆ ಮಾತು ಬೇಕಾಗಿತ್ತು.

"ನೀವು? ಕೊರಿಯಾ ನೋಡಲಿಕ್ಕಾ?"

"ಮಗಳು ಇದ್ದಾಳೆ ಅಲ್ಲಿ" ಅಂದಳು ನೀರಜಾ, ಇಂಗ್ಲಿಷಿನಲ್ಲೇ.

"ಓಹ್! ಮೊಮ್ಮಕ್ಕಳು ಇದ್ದಾರಾ?"

ಇಲ್ಲ ಎನ್ನಬೇಕು ಎಂದು ನೀರಜಾ ಬಾಯಿ ತೆರೆದಳು. "ಹೌದು" ಎಂದು ಬಂತು. "ಹೋದ ತಿಂಗಳು ಹಡೆದಳು. ಹೆಣ್ಣು."

"ಕಂಗ್ರಾಚುಲೇಷನ್ಸ್!" ಹುಡುಗಿ ಎರಡೂ ಕೈಯಿಂದ ಅವಳ ಕೈ ಹಿಡಿದಳು.

ಇಂಗ್ಲಿಷು ತಿಳಿಯದ ಆಯಿ, "ಏನಂತಾಳ?" ಎಂದು ಕೇಳಿದಳು.

"ಮೊಮ್ಮಕ್ಕಳು ಅದಾರೇನು ಅಂದ್ಲು. ಹೌದು ಅಂದೆ. ಸುಳ್ಳು ಹೇಳಿದೆ, ಅತ್ತ್ಯಾರ."

ಗುರುಬಸವ್ವ ತೊಟ್ಟಿಲಿನ ಕಡೆ ನೋಡಿದಳು. "ಸುಳ್ಳೇನಲ್ಲ. ಹುಟ್ಟಿತ್ತಲ್ಲ" ಅಂದಳು.

ಊಟ ಬಂತು, ಇಬ್ಬರಿಗೂ ಸಸ್ಯಾಹಾರದ ತಟ್ಟೆ. ಆಯಿ ತನ್ನ ಶೇಂಗಾ ಚಟ್ನಿಯ ಪೊಟ್ಟಣ ಬಿಚ್ಚಿ ಸೊಸೆಯ ಅನ್ನಕ್ಕೂ ಉದುರಿಸಿದಳು. ಎಲ್ಲರೂ ಕಿಟಕಿ ಮುಚ್ಚಿದರು. ಹೊರಗೆ ಹಗಲೇ ಇದ್ದರೂ ಒಳಗೆ ಮಬ್ಬು ಕವಿಯಿತು. ನೀರಜಾ ಅತ್ತೆಯನ್ನು ಎಬ್ಬಿಸಿ, ಹೆಗಲು ಕೊಟ್ಟು, ಕಕ್ಕಸಿನವರೆಗೂ ಅಲ್ಲಿಂದ ಹಿಂದಿನ ತುದಿಯವರೆಗೂ ನಡೆಸಿಕೊಂಡು ಬಂದಳು. ಎರಡೂ ಕಡೆ ಜನ ಬಾಯಿ ತೆರೆದು, ಕತ್ತು ವಾಲಿಸಿ, ಒಬ್ಬರ ಮೇಲೊಬ್ಬರು ಬಿದ್ದಂತೆ ನಿದ್ದೆ ಹೋಗಿದ್ದರು. ಯಾರದೋ ಕಾಲು ದಾಟುವಾಗ ಆಯಿ, "ಪಾಪ, ಎಲ್ಲಾರೂ ಎಲ್ಲೆಲ್ಲಿಗೆ ಹೊಂಟಾರೋ" ಎಂದಳು.

ಮೂರನೆಯ ಸಲ ನಡೆದು ಬಂದಾಗ ಕಾಲುಚೀಲದ ಅಂಚಿನ ಮೇಲೆ ಮೊಣಕಾಲು ಉಬ್ಬಿತ್ತು. ನೀರಜಾ ಗೋಡೆಗೂ ಸೀಟಿಗೂ ನಡುವಿನ ಜಾಗದಲ್ಲಿ ಕೆಳಗೆ ಕುಳಿತಳು. ಅತ್ತೆಯ ಪಾದಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ತಿಕ್ಕತೊಡಗಿದಳು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಆ ಪಾದಗಳನ್ನು ಅವಳು ಹೀಗೆ ಮುಟ್ಟಿರಲಿಲ್ಲ. ಹಬ್ಬಕ್ಕೆ ಬಗ್ಗಿ ನಮಸ್ಕಾರ ಮಾಡುವುದೇ ಬೇರೆ.

"ಬಿಡು, ಯಾರರೆ ನೋಡ್ತಾರ."

"ನೋಡಲಿ."

ತೊಟ್ಟಿಲಿನಲ್ಲಿ ಕೂಸು ಸಣ್ಣಗೆ ಗೊರಕೆ ಹೊಡೆಯುತ್ತಿತ್ತು. ಗುರುಬಸವ್ವ ಅದನ್ನೇ ನೋಡುತ್ತ ಹೇಳಿದಳು.

"ಬಸ್ಯಾನಕಿಂತ ಮದಲ ಒಂದು ಹಡದಿದ್ದೆ ನಾನು."

ನೀರಜಾ ತಲೆ ಎತ್ತಿದಳು.

"ಅಂವಗ ಗೊತ್ತಿಲ್ಲ. ಯಾರೂ ಹೇಳಿಲ್ಲ, ನಾನೂ ಹೇಳಿಲ್ಲ. ಹುಟ್ಟಿದಾಗ ಅಳಲೇ ಇಲ್ಲ. ಸೂಲಗಿತ್ತಿ ಅರಿವ್ಯಾಗ ಸುತಗೊಂಡು ಹಿತ್ತಲ ಬಾಗಲದಿಂದ ಒಯ್ದಳು. ಗಂಡೋ ಹೆಣ್ಣೋ ಅಂತ ಕೇಳಿದೆ. ಸುಮ್ನ ಮಲಕೊ ಅಂದ್ರು." ಆಯಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ನೀರು ಹಾಕಲಿಲ್ಲ ನನಗ. ಎಣ್ಣಿ ಹಚ್ಚಲಿಲ್ಲ. ಕೂಸಿಲ್ಲದಾಕಿಗೆ ಎಂಥಾ ಬಾಣಂತನ ಅಂದ್ಲು ನಮ್ಮತ್ತಿ. ವಾರದಾಗ ಕಣಕ್ಕ ಕಳಿಸಿದ್ರು. ಹಾಲು ಸೋರಿ ಕುಬಸ ತೊಯ್ದು ತೊಯ್ದು ಬರತಿತ್ತು. ಮಂದಿ ನೋಡ್ತಾರಂತ ಸೆರಗು ಬಿಗದ ಬಿಗದ ಹೊತಗೊಂತಿದ್ದೆ."

ನೀರಜಾ ತಿಕ್ಕುವುದನ್ನು ನಿಲ್ಲಿಸಿದಳು. ಪಾದ ಹಿಡಿದುಕೊಂಡು ಕುಳಿತಳು.

"ತನೂನ್ನ ಕಂಡ್ರ ನಾ ಹಂಗ ಮಾಡ್ತಿದ್ದೆ, ನಿನಗ ಬ್ಯಾಸರ ಆಗತಿತ್ತು, ನನಗೂ ಗೊತ್ತೈತಿ. ಆದ್ರೂ ಬಿಡಾಕ ಆಗಲಿಲ್ಲ ನೋಡು."

"ಬಿಡ್ರಿ ಅತ್ತ್ಯಾರ" ಅಂದಳು ನೀರಜಾ. "ನೀವು ಎತ್ತಿಕೊಂಡಿರಿ ಅಂತನ ನಾ ಹೋಗಿ ದುಡದೆ."

ಬಹಳ ಹೊತ್ತಿನ ಮೇಲೆ ಕೂಸು ಎದ್ದು ಅಳತೊಡಗಿತು. ಹುಡುಗಿ ಎತ್ತಿಕೊಂಡಳು, ಹಾಲು ಕೊಟ್ಟಳು, ತೂಗಿದಳು. ಅಳು ನಿಲ್ಲಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಗೊಣಗಿದರು. ಹುಡುಗಿಯ ಕಣ್ಣು ನಿದ್ದೆಗೆಟ್ಟು ಕೆಂಪಾಗಿದ್ದವು. ಬಟ್ಟೆ ಬದಲಿಸಬೇಕು, ಕೂಸು ಮೈಮೇಲೆ ಕಕ್ಕಿದೆ, ಒಂದೇ ನಿಮಿಷ ಹಿಡಿದುಕೊಳ್ಳುತ್ತೀರಾ ಎಂದು ನೀರಜಾಳ ಕಡೆ ಚಾಚಿದಳು. ಆಯಿ ಕೂಡಲೇ ಕೈ ನೀಡಿದಳು. ಅಷ್ಟರಲ್ಲಿ ನೀರಜಾ ಇಸಿದುಕೊಂಡಿದ್ದಳು.

ಬೆಚ್ಚಗಿನ ಭಾರ. ಹಾಲಿನ, ಪುಡಿಯ ವಾಸನೆ. ಕೂಸು ಅವಳ ಹೆಗಲಿಗೆ ಮೂಗು ಒತ್ತಿ ಹುಡುಕಿತು, ಬಿಕ್ಕಿತು. ನೀರಜಾ ಅದರ ಬೆನ್ನು ತಟ್ಟಿದಳು. ತನುಶ್ರೀಯನ್ನು ಹೀಗೆ ತಟ್ಟಿ ಮಲಗಿಸಿದ್ದು ನೆನಪಿಗೆ ತಂದುಕೊಳ್ಳಲು ನೋಡಿದಳು, ಸರಿಯಾಗಿ ಬರಲಿಲ್ಲ. ಅವಳ ಕಣ್ಣಿಂದ ನೀರು ಇಳಿದು ಕೂಸಿನ ಅಂಗಿಯ ಮೇಲೆ ಬಿತ್ತು. ಅಳುತ್ತಲೇ ತಟ್ಟಿದಳು. ಕೂಸು ಸುಮ್ಮನಾಯಿತು. ಹುಡುಗಿ ಬಂದು, ಅವಳ ಮುಖ ನೋಡಿ, ಏನೂ ಕೇಳದೆ ಕುಳಿತಳು. ಆಮೇಲೆ ಕೂಸನ್ನು ವಾಪಸು ಕೇಳಲೂ ಅವಸರ ಮಾಡಲಿಲ್ಲ.

ಇಂಚನ್ ವಿಮಾನ ನಿಲ್ದಾಣದಲ್ಲಿ ಜೇಹೂನ್ ಕಾಯುತ್ತಿದ್ದ. ಬಗ್ಗಿ ನಮಸ್ಕಾರ ಮಾಡಿದವನು ಮತ್ತೆ ತಲೆ ಎತ್ತಲು ತಡವಾಯಿತು. ಆಯಿ ಗಾಲಿಕುರ್ಚಿಯಿಂದಲೇ ಅವನ ಕೆನ್ನೆ ಹಿಡಿದು, "ಜಯಣ್ಣ, ಅಳಬ್ಯಾಡೋ ಯಪ್ಪಾ" ಅಂದಳು.

ತನುಶ್ರೀ ಮನೆಯ ಬಾಗಿಲಲ್ಲಿ ನಿಂತಿದ್ದಳು. ಆಯಿಯ ಹೆಗಲಿಗೆ ಮುಖವಿಟ್ಟು ಸ್ವಲ್ಪ ಹೊತ್ತು ಹಾಗೇ ಇದ್ದಳು. ಅಳಲಿಲ್ಲ. ಆಮೇಲೆ ಹಿಂದೆ ಬ್ಯಾಗು ಹಿಡಿದು ನಿಂತ ತಾಯಿಯನ್ನು ನೋಡಿದಳು.

"ಮಮ್ಮಿ. ನೀನೂ ಬಂದಿ."

"ಬಂದೆ."

"ರಜಾ ಸಿಕ್ತೇನು?"

"ಸಿಕ್ತು."

ಬಂದವರಿಗೆ ಚಹಾ ಮಾಡುತ್ತೇನೆಂದು ತನುಶ್ರೀ ಒಳಗೆ ಹೋದಳು. ನೆಂಟರ ಮನೆಯಲ್ಲಿ ನಡೆದಾಡುವವಳ ಹಾಗೆ, ಸದ್ದಿಲ್ಲದೆ, ಮಾತಿಗೊಮ್ಮೆ ನಗುತ್ತ. ಒಲೆಯ ಮುಂದೆ ಜೇಹೂನನ ತಾಯಿ ಇದ್ದಳು, ಗಿಡ್ಡನೆಯ ಹೆಂಗಸು. ಪಾತ್ರೆಯಲ್ಲಿ ಹಸಿರು ಸೊಪ್ಪಿನ ಸಾರು ಕುದಿಯುತ್ತಿತ್ತು.

"ಏನಿದು?" ಎಂದು ಆಯಿ ಇಣುಕಿದಳು.

"ಸಮುದ್ರದ ಸೊಪ್ಪು, ಆಯಿ. ಹಡದೋರಿಗೆ ಕೊಡತಾರ ಇಲ್ಲೆ. ದಿನಾ ಮಾಡಿ ಉಣಸ್ತಾಳ. ನನಗಂತ ಮೀನು ಮಾಂಸ ಬಿಟ್ಟು ಬರೀ ಸೊಪ್ಪು ಹಾಕಿ ಮಾಡ್ತಾಳ."

ಗುರುಬಸವ್ವ ಆ ಹೆಂಗಸನ್ನು ನೋಡಿದಳು. ಆ ಹೆಂಗಸು ಇವಳನ್ನು ನೋಡಿದಳು. "ಈಕಿಗೂ ಗೊತ್ತೈತಿ" ಅಂದಳು ಆಯಿ. "ಕೂಸಿಲ್ಲಂತ ಬಿಟ್ಟಿಲ್ಲ."

ಮರುದಿನ ಬೆಳಿಗ್ಗೆ ನೀರು ಕಾಯಿಸಿದರು. ಬಚ್ಚಲಿಗೆ ಹೋದರೆ ಗಾಳಿ ಹೊಗುತ್ತದೆ, ಬೇಡ ಎಂದು ಜೇಹೂನನ ತಾಯಿ ಮೊದಲು ಕೈ ಅಡ್ಡ ಮಾಡಿದಳು. ನೀರಿನ ಬಿಸಿ ಮುಟ್ಟಿ ನೋಡಿದ ಮೇಲೆ ತಾನೇ ಟವೆಲುಗಳನ್ನು ಬೆಚ್ಚಗೆ ಮಾಡಿ ತಂದಿಟ್ಟಳು. ಆದರೆ ಆಯಿಗೆ ಏಳಲು ಆಗಲಿಲ್ಲ. ಕಾಲುಗಳು ಕೊಡಗಳ ಹಾಗೆ ಊದಿಕೊಂಡಿದ್ದವು. ಸೋಫಾದ ಮೇಲೆ ಕಾಲು ಚಾಚಿ ಕುಳಿತೇ ಹೇಳಿದಳು:

"ನೀರಜಾ, ನೀ ಹಾಕವಾ."

"ನಾ ಯಾವತ್ತೂ ಹಾಕಿಲ್ಲಲ್ರಿ."

"ಯಶ್ ಹುಟ್ಟಿದಾಗ ನಿನಗ ಹಾಕಿದ್ನಲ್ಲ. ನಿನ್ನ ಮೈಗೆ ನೆನಪಿರತೈತಿ. ಹೋಗು."

ತನುಶ್ರೀ ಸಣ್ಣ ಸ್ಟೂಲಿನ ಮೇಲೆ ಬೆನ್ನು ಮಾಡಿ ಕುಳಿತಳು. ನೀರಜಾ ಎಣ್ಣೆ ಹಚ್ಚಿದಳು, ನೆತ್ತಿಗೆ, ಭುಜಕ್ಕೆ, ಬೆನ್ನಿಗೆ, ಸೊಂಟಕ್ಕೆ. ಮಗಳು ದೊಡ್ಡವಳಾದ ಮೇಲೆ ಅವಳ ಬೆನ್ನನ್ನು ನೋಡುತ್ತಿರುವುದು ಇದೇ ಮೊದಲು. ಸೊಂಟದ ಮೇಲೆ ಬಿಸಿನೀರು ಬೀಳುತ್ತಲೇ ತನುಶ್ರೀಯ ಮೈ ಒಮ್ಮೆ ನಡುಗಿತು.

"ಸುಡತೈತೇನು?"

"ಇಲ್ಲ." ಬಹಳ ಮೆಲ್ಲಗೆ ಅಂದಳು. "ಮಮ್ಮಿ, ಹಾಲು ಬರಾಕತ್ತಾವ. ನಿಲ್ಲವಲ್ವು."

"ಬರಲಿ ನನ ಮಗಳ. ಹೋಗಲಿ ಬಿಡು."

ಆಗ ತನುಶ್ರೀ ಅತ್ತಳು. ಮೊಣಕಾಲು ಅಪ್ಪಿಕೊಂಡು, ಬಾಯಿ ಬಿಟ್ಟು, ಚಿಕ್ಕ ಮಗುವಿನ ಹಾಗೆ. ಹೊರಗಿನಿಂದ ಆಯಿ ಏನೂ ಕೂಗಲಿಲ್ಲ. ಯಾರೂ ಬಾಗಿಲು ತಟ್ಟಲಿಲ್ಲ. ನೀರಜಾ ನೀರು ಹಾಕುತ್ತಲೇ ಇದ್ದಳು.

"ಎಲ್ಲಾರೂ ನನಗ ಮರತ ಬಿಡು, ಮರತ ಬಿಡು ಅಂತಾರ" ಅಂದಳು ತನುಶ್ರೀ ಬಿಕ್ಕುತ್ತ. "ಆಕಿ ಹೆಂಗಿದ್ಲು ಅಂತ ಒಬ್ರೂ ಕೇಳಲಿಲ್ಲ."

ನೀರಜಾ ಮಗಳ ಎದುರಿಗೆ ಬಂದು, ತೊಯ್ದ ನೆಲದ ಮೇಲೆಯೇ ಕುಳಿತಳು.

"ಹೆಂಗಿದ್ಲು?"

ತನುಶ್ರೀ ಮುಖದ ಮೇಲಿನ ನೀರು ಒರೆಸಿಕೊಂಡು ತಾಯಿಯನ್ನು ನೋಡಿದಳು.

"ಕೂದಲ ಭಾಳ ಇದ್ವು, ಮಮ್ಮಿ. ಕರ್ರಗ. ನರ್ಸು ಟೋಪಿ ಹಾಕಿದ್ಲು, ನಾ ತಗದು ನೋಡಿದೆ. ಕೈಬಟ್ಟು ಉದ್ದುದ್ದ. ಮತ್ತ ಒಂದು ಕಿವಿ ತುದ್ಯಾಗ ಮಡಚಿತ್ತು. ನಿಂದೈತಲ್ಲ, ಹಂಗ."

ನೀರಜಾಳ ಎಣ್ಣೆಗೈ ತನಗರಿವಿಲ್ಲದೆ ಕಿವಿಗೆ ಹೋಯಿತು.

"ಇನ್ನ?" ಅಂದಳು.

ತನುಶ್ರೀ ಹೇಳತೊಡಗಿದಳು.